ಕಾಣುವುದು ಆರು ಮನೆ, ಇರುವುದು ಒಂದೇ

ಬಸವನಗುಡಿಯ ಮಹಡಿ ಮೇಲಿನ ಪುಟ್ಟ ಕಚೇರಿಯೊಂದರಲ್ಲಿ ಯುವ ಇಂಜಿನಿಯರ್ ಒಬ್ಬರು ಮೊಬೈಲನ್ನು ನನ್ನತ್ತ ತಿರುಗಿಸಿ ಕೇಳಿದರು: ‘ಎಷ್ಟು ಮನೆ ಕಾಣ್ತಿವೆ ಸರ್?’ ಒಟಿಪಿ ತುಂಬುವ ಜಾಗ ಅದು, ಸಾಲಾಗಿ ಚೌಕಗಳಿದ್ದವು. ಆರು ಎಂದೆ. ‘ಇರೋದು ಒಂದೇ’ ಎನ್ನುತ್ತ ಅವರು ಕೋಡ್ ತೆರೆದು ತೋರಿಸಿದರು. ನಿಜ, ಒಂದೇ ಒಂದು ಇನ್‌ಪುಟ್! ಚೌಕಗಳೆಲ್ಲ ಹಿನ್ನೆಲೆಯ ಚಿತ್ರ. ಪ್ರತಿ ಅಂಕಿಗೂ ಸಮಾನ ಅಗಲವಿರುವ ಫಾಂಟು, ನಡುವೆ ಅಳೆದು ಬಿಟ್ಟ ಅಂತರ, ಹಾಗಾಗಿ ಒಂದೊಂದು ಅಂಕಿಯೂ ತನ್ನ ಚೌಕದಲ್ಲೇ ಬಂದು ಕೂರುತ್ತದೆ. ಅದನ್ನು ಕಂಡ ಸಂತೋಷ ನನಗಿನ್ನೂ ಇಳಿದಿಲ್ಲ.

ಬಹಳಷ್ಟು ಜಾಲತಾಣಗಳಲ್ಲಿ ಆರೂ ನಿಜವಾದ ಇನ್‌ಪುಟ್‌ಗಳೇ. ಒಂದು ತುಂಬಿದ ಕೂಡಲೇ ಕರ್ಸರನ್ನು ಮುಂದಿನದಕ್ಕೆ ತಳ್ಳಲು ಸ್ಕ್ರಿಪ್ಟ್ ಬರೆದಿರುತ್ತಾರೆ. ಅದನ್ನು ಎಚ್ಚರದಿಂದ ಬರೆಯದಿದ್ದರೆ ಪೇಸ್ಟ್ ಮಾಡಿದಾಗ ಮೊದಲ ಅಂಕಿಯಷ್ಟೇ ಉಳಿಯುತ್ತದೆ, ಅಳಿಸಲು ಹೋದರೆ ಕರ್ಸರ್ ಹಿಂದಕ್ಕೆ ಬರುವುದಿಲ್ಲ. ಆ ಕಚೇರಿಯ ದೃಷ್ಟಿಹೀನ ಸಹೋದ್ಯೋಗಿಯೊಬ್ಬರು ತೆರೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಎರಡೂ ಬಗೆಯನ್ನು ಬಳಸಿ ತೋರಿಸಿದರು. ಆರು ಮನೆಯದರಲ್ಲಿ ತಾವು ಎಷ್ಟನೆಯ ಮನೆಯಲ್ಲಿದ್ದೇವೆಂದೇ ಅವರಿಗೆ ತಿಳಿಯುತ್ತಿರಲಿಲ್ಲ. ಒಂದು ಮನೆಯದು ಗಡಿಬಿಡಿಯಿಲ್ಲದೆ ಮುಗಿಯಿತು. ಅಂದಕ್ಕಾಗಿ ಆರು ಇನ್‌ಪುಟ್ ಇಡುವುದು ತಪ್ಪು ಎಂದು ನನಗೆ ಖಚಿತವಾದದ್ದು ಆಗಲೇ.

ಅಂಕಿ ಆರು ಎಂದಾಗ ಗುಪ್ತಸಂಖ್ಯೆಯ (ಪಿನ್) ಚರಿತ್ರೆ ನೆನಪಾಗುತ್ತದೆ. ಶಿಲ್ಲಾಂಗಿನಲ್ಲಿ ಹುಟ್ಟಿದ ಜಾನ್ ಶೆಫರ್ಡ್-ಬ್ಯಾರನ್ ರೂಪಿಸಿದ ನಗದು ಯಂತ್ರ 1967ರಲ್ಲಿ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಶುರುವಾಯಿತು. ಅವರು ಆರಂಕಿ ಇಡಬೇಕೆಂದಿದ್ದರಂತೆ, ಹೆಂಡತಿ ಕ್ಯಾರೊಲಿನ್ ತನಗೆ ನಾಲ್ಕೇ ನೆನಪಿರುವುದು ಎಂದದ್ದರಿಂದ ನಾಲ್ಕಕ್ಕೆ ಇಳಿಸಿದರಂತೆ. ಒಟಿಪಿಯನ್ನು ನೆನಪಿಡಬೇಕಿಲ್ಲ, ಹಾಗಾಗಿ ಆರಂಕಿಯಾದರೂ ಹೊರೆಯಲ್ಲ.

ಈ ಆರಂಕಿ ಸಂಖ್ಯೆಯೇ ಅಲ್ಲ ಎಂಬುದನ್ನು ಕೋಡ್ ಬರೆಯುವವರು ಮರೆಯುತ್ತಾರೆ. ಅದನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಸಂಖ್ಯೆಯೆಂದು ಲೆಕ್ಕಕ್ಕೆ ತೆಗೆದುಕೊಂಡರೆ 045210 ಎಂಬುದು 45210 ಆಗಿಬಿಡುತ್ತದೆ; ಯಾದೃಚ್ಛಿಕ ಒಟಿಪಿಗಳಲ್ಲಿ ಹತ್ತಕ್ಕೊಂದು ಸೊನ್ನೆಯಿಂದಲೇ ಶುರುವಾಗುತ್ತದೆ. ಬ್ರಿಟನ್ ಸರ್ಕಾರದ ಜಾಲತಾಣಗಳ ವಿನ್ಯಾಸ ತಂಡ 2020ರಲ್ಲಿ ಸಂಖ್ಯೆಗೆಂದೇ ಇರುವ ‘ಟೈಪ್ ನಂಬರ್’ ಕೈಬಿಟ್ಟು ‘ಇನ್‌ಪುಟ್‌ಮೋಡ್ ನ್ಯೂಮೆರಿಕ್’ ಹಿಡಿಯಿತು. ಇದರಲ್ಲಿ ಅಂಕಿಗಳ ಕೀಲಿಮಣೆ ತೆರೆದುಕೊಳ್ಳುತ್ತದೆ, ಒಳಗೆ ಉಳಿಯುವುದು ಪಠ್ಯ. ‘ಒನ್-ಟೈಮ್-ಕೋಡ್’ ಎಂಬ ಆಟೊಕಂಪ್ಲೀಟ್ ಗುರುತನ್ನೂ ಸೇರಿಸಿದರೆ ಐಫೋನು ಎಸ್ಸೆಮ್ಮೆಸ್ಸಿನಲ್ಲಿ ಬಂದ ಒಟಿಪಿಯನ್ನು ಕೀಲಿಮಣೆಯ ಮೇಲೇ ತೋರಿಸುತ್ತದೆ, 2018ರಿಂದ ಈ ಸೌಲಭ್ಯವಿದೆ. ಆಂಡ್ರಾಯ್ಡಿನ ಕ್ರೋಮ್ 2020ರಲ್ಲಿ ಇನ್ನೊಂದು ದಾರಿ ತೆರೆಯಿತು. ಸಂದೇಶದ ಕೊನೆಯ ಸಾಲಿನಲ್ಲಿ ಜಾಲತಾಣದ ವಿಳಾಸವೂ ಸಂಕೇತವೂ ಇದ್ದರೆ, ಆ ವಿಳಾಸದ ಪುಟಕ್ಕೆ ಮಾತ್ರ ಬ್ರೌಸರ್ ಅದನ್ನು ಕೊಡುತ್ತದೆ. ನಕಲಿ ಪುಟದಲ್ಲಿ ತಾನಾಗಿ ತುಂಬುವುದಿಲ್ಲ.

ಆ ಇಂಜಿನಿಯರನ್ನು ನಾನು ಕೇಳಿದ ಪ್ರಶ್ನೆ ಬೇರೆಯೇ ಇತ್ತು: ಯಾರಾದರೂ ೦೪೫೨೧೦ ಎಂದು ಕನ್ನಡ ಅಂಕಿಗಳಲ್ಲಿ ತುಂಬಿದರೆ? ಇನ್‌ಪುಟ್‌ಮೋಡ್ ಎಂಬುದು ಕೀಲಿಮಣೆಗೆ ಕೊಡುವ ಸೂಚನೆ ಅಷ್ಟೇ, ಕನ್ನಡ ಅಂಕಿಯನ್ನು ಅದು ತಡೆಯುವುದಿಲ್ಲ. ಅವರು ಕೂಡಲೇ ಪರೀಕ್ಷೆಗೆ ಕೂತರು. ಪುಟದಲ್ಲಿದ್ದ ಜಾವಾಸ್ಕ್ರಿಪ್ಟ್ ಒಪ್ಪಲಿಲ್ಲ, ಅದರ ರೆಗ್ಯುಲರ್ ಎಕ್ಸ್‌ಪ್ರೆಷನ್ನಿಗೆ 0ಯಿಂದ 9ರವರೆಗಿನವು ಮಾತ್ರ ಅಂಕಿಗಳು. ಆ ತಪಾಸಣೆಯನ್ನು ತೆಗೆದು ನೇರವಾಗಿ ಸರ್ವರಿಗೆ ಕಳಿಸಿದರು. ಅಲ್ಲಿನ ಪೈಥಾನ್ ಕನ್ನಡದ್ದನ್ನೂ ಅಂಕಿಯೆಂದೇ ಒಪ್ಪಿತು! ‘೪೫೨೧’ ಕೊಟ್ಟರೆ 4521 ಎಂದು ಲೆಕ್ಕಕ್ಕೂ ತೆಗೆದುಕೊಳ್ಳುವ ಭಾಷೆ ಅದು. ಆದರೆ ಮುಂದೆ ಒಟಿಪಿಯನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿದಾಗ ಎರಡೂ ಬೇರೆಯಾದವು. ತೆರೆಯ ಮೇಲೆ ‘ತಪ್ಪು ಒಟಿಪಿ’ ಎಂದು ಬಂತು, ಉಳಿದ ಅವಕಾಶಗಳಲ್ಲಿ ಒಂದು ಕಡಿಮೆಯಾಯಿತು.

ತುಂಬಿದ್ದು ಸರಿಯಾದ ಸಂಕೇತವೇ. ಸರಿಯಾಗಿ ಬರೆದವರನ್ನು ತಪ್ಪಿತಸ್ಥರ ಲೆಕ್ಕಕ್ಕೆ ಸೇರಿಸುವುದು ನನಗೆ ಅನ್ಯಾಯವಾಗಿ ಕಂಡಿತು. ಯೂನಿಕೋಡಿನಲ್ಲಿ ೦ಯಿಂದ ೯ರವರೆಗೆ ಹತ್ತೂ ಅಂಕಿಗಳು ಒಂದರ ಪಕ್ಕ ಒಂದು ಇವೆ. ಪ್ರತಿ ಅಂಕಿಯ ಕ್ರಮಸಂಖ್ಯೆಯಿಂದ ೦ಯ ಕ್ರಮಸಂಖ್ಯೆಯನ್ನು ಕಳೆದರೆ ಸಾಕು, ಒಂದೇ ಸಾಲಿನ ಕೆಲಸ. ತೊಡಕಿರುವುದು ಸೊನ್ನೆಯಲ್ಲಿ. ಕನ್ನಡದ ೦ ಕಣ್ಣಿಗೆ ಅನುಸ್ವಾರದಂತೆಯೇ ಕಾಣುತ್ತದೆ, ಅದರ ಬದಲು ಅನುಸ್ವಾರವನ್ನೇ ಒತ್ತುವವರೂ ಇರುತ್ತಾರೆ. ಯೂನಿಕೋಡಿನಲ್ಲಿ ಅದಕ್ಕೆ ಬೇರೆ ಜಾಗ. ಅವರು ಅನುಸ್ವಾರಕ್ಕೂ ಒಂದು ಸಾಲು ಸೇರಿಸಿದರು. ಹೋಲಿಸುವ ಮೊದಲೇ ಎಲ್ಲವನ್ನೂ ಪರಿವರ್ತಿಸಿ, ಪುಟದ ತಪಾಸಣೆಯನ್ನೂ ತಿದ್ದಿ, ಅದೇ ೦೪೫೨೧೦ ತುಂಬಿ ಕಳಿಸಿದರು. ಸರ್ವರ್ ಒಪ್ಪಿಕೊಂಡಿತು.