ಎರಡು ಗೆರೆ, ಒಂದೇ ಅಳತೆ: ಕಣ್ಣು ಯಾಕೆ ಒಪ್ಪುವುದಿಲ್ಲ?

ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಳೆಯ ಮೇಲೆ 5 ಸೆಂ.ಮೀ. ಉದ್ದದ ಎರಡು ಗೆರೆ ಎಳೆಯಿರಿ, ಒಂದರ ಕೆಳಗೊಂದು. ಮೊದಲನೆಯದರ ಎರಡೂ ತುದಿಗೆ ಬಾಣದ ಮೊನೆ ಹಾಕಿ. ಎರಡನೆಯದರಲ್ಲಿ ಮೊನೆಗಳನ್ನು ತಿರುಗಿಸಿ, ಮರದ ಕವಲಿನಂತೆ ಹೊರಕ್ಕೆ ಚಾಚಲಿ. ಯಾವುದು ಉದ್ದ? ಹೆಚ್ಚಿನವರು ಎರಡನೆಯದು ಅನ್ನುತ್ತಾರೆ. ಸ್ಕೇಲ್ ಇಟ್ಟು ತೋರಿಸಿದ ಮೇಲೂ ಹಾಗೇ ಕಾಣುತ್ತದೆ!

ಹೃದಯದ ಡಾಕ್ಟರಿಗೆ ಇದೆಲ್ಲ ಯಾಕೆ ಅನ್ನಬೇಡಿ. ಆಂಜಿಯೋಗ್ರಾಮ್‌ನಲ್ಲಿ ರಕ್ತನಾಳ ಎಷ್ಟು ಕಿರಿದಾಗಿದೆ ಎಂದು ಕಣ್ಣಳತೆಯಲ್ಲಿ ಹೇಳುವುದು ನಮ್ಮ ದಿನನಿತ್ಯದ ಕೆಲಸ. ಒಂದೇ ಚಿತ್ರಕ್ಕೆ ಇಬ್ಬರು ಬೇರೆ ಬೇರೆ ಶೇಕಡಾ ಹೇಳುವುದೂ ಉಂಟು.

ಜರ್ಮನಿಯ ಮುಲ್ಲರ್-ಲಯರ್ 1889ರಲ್ಲಿ ಈ ಚಿತ್ರ ಪ್ರಕಟಿಸಿದರು. ಕಾರಣದ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಬ್ರಿಟನ್ನಿನ ರಿಚರ್ಡ್ ಗ್ರೆಗರಿ ಹೇಳಿದ್ದು ಹೀಗೆ: ನಾವು ಗೋಡೆ, ಮೂಲೆಗಳ ನಡುವೆ ಬೆಳೆದವರು. ಹೊರಚಾಚಿದ ಕವಲು ಕಂಡರೆ ಮಿದುಳು ಅದನ್ನು ಕೋಣೆಯ ದೂರದ ಮೂಲೆ ಎಂದುಕೊಂಡು, ದೂರವಿದ್ದೂ ಇಷ್ಟು ಕಾಣುತ್ತಿದ್ದರೆ ನಿಜಕ್ಕೂ ಉದ್ದವೇ ಇರಬೇಕೆಂದು ಲೆಕ್ಕ ಹಾಕುತ್ತದೆ. ಅಂದರೆ ನೋಡಿ ನೋಡಿ ಕಲಿತ ಅಭ್ಯಾಸ. ಇದಕ್ಕೆ ಪುಷ್ಟಿ ಕೊಡುವ ಹಳೆಯ ಪರೀಕ್ಷೆ ನಮ್ಮ ನೀಲಗಿರಿಯಲ್ಲೇ ನಡೆದಿತ್ತು. 1901-02ರಲ್ಲಿ ರಿವರ್ಸ್ ಎಂಬ ವೈದ್ಯರು ಕಮಾನಿನಾಕಾರದ ಗುಡಿಸಲುಗಳ ತೋಡರನ್ನು ಪರೀಕ್ಷಿಸಿದಾಗ, ಅವರು ಇಂಗ್ಲಿಷರಿಗಿಂತ ಕಡಿಮೆ ಮೋಸಹೋದರು.

ಹಾಗಾದರೆ ಏನೂ ನೋಡಿ ಕಲಿಯದವರು ಮೋಸಹೋಗಲೇಬಾರದಲ್ಲ? ಪವನ್ ಸಿನ್ಹಾ ಅವರ ‘ಪ್ರಾಜೆಕ್ಟ್ ಪ್ರಕಾಶ್’ ಉತ್ತರ ಭಾರತದಲ್ಲಿ ಹುಟ್ಟಿನಿಂದಲೇ ಕಣ್ಣಿನ ಪೊರೆಯಿದ್ದ ಮಕ್ಕಳಿಗೆ ಆಪರೇಷನ್ ಮಾಡಿಸುತ್ತದೆ. 8ರಿಂದ 16 ವಯಸ್ಸಿನ 9 ಮಕ್ಕಳಿಗೆ ನೋಟ ಬಂದ ಕೂಡಲೇ ಈ ಗೆರೆಗಳನ್ನು ತೋರಿಸಿದರು. ಅವರಿಗೂ ಎರಡನೆಯದೇ ಉದ್ದ ಕಂಡಿತು! 2015ರಲ್ಲಿ ಇದು ಪ್ರಕಟವಾಯಿತು. 9 ಸಣ್ಣ ಸಂಖ್ಯೆಯೇ, ಆದರೆ ಇಂಥ ಪರೀಕ್ಷೆಗೆ ಮಕ್ಕಳು ಸಿಗುವುದೇ ಅಪರೂಪ. ನನ್ನ ಮಟ್ಟಿಗೆ, ಭ್ರಮೆಯ ಬೇರು ಹುಟ್ಟಿನಿಂದಲೇ ಇದೆ. ಬೆಳೆದ ಪರಿಸರ ಅದನ್ನು ಹೆಚ್ಚುಕಮ್ಮಿ ಮಾಡಬಹುದು.

ಆ ಮಕ್ಕಳು ಅಷ್ಟು ವರ್ಷ ಕತ್ತಲಲ್ಲಿದ್ದದ್ದು ಮಾತ್ರ ಮನಸ್ಸಿಗೆ ಚುಚ್ಚುತ್ತದೆ. ದಟ್ಟ ಪೊರೆಗೆ ಹುಟ್ಟಿದ ಮೊದಲ ಎರಡು ತಿಂಗಳೊಳಗೆ ಆಪರೇಷನ್ ಆದರೆ ಒಳ್ಳೆಯದು. ಕೂಸಿನ ಕಣ್ಣಿನ ಪಾಪೆ ಬೆಳ್ಳಗೆ ಕಂಡರೆ, ಫ್ಲ್ಯಾಶ್ ಫೋಟೋದಲ್ಲಿ ಒಂದು ಕಣ್ಣು ಬಿಳಿಯಾಗಿ ಹೊಳೆದರೆ, ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಊರಿಗೆ ಹೋದಾಗ ತೋರಿಸೋಣ ಎಂದು ಕಾಯಬೇಡಿ. ನೀವಿರುವ ಊರಲ್ಲೇ ಆ ವಾರವೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಹುಟ್ಟಿನ ಪೊರೆಯೂ ಸೇರಿದೆ. ಮಗು ದೊಡ್ಡದಾಗಿದ್ದರೂ ತಡವಾಯಿತೆಂದು ಕೈಬಿಡಬೇಡಿ. ಆ 9 ಮಕ್ಕಳೂ ಎಂಟು ವರ್ಷ ದಾಟಿದವರೇ.