ಕುಮಾನೊ ಕೊಡೊ: ಜಪಾನಿನ ಪುರಾತನ ಯಾತ್ರಾ ಮಾರ್ಗದಲ್ಲಿ ಕಾಲ್ನಡಿಗೆ

ಜಪಾನ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬುಲೆಟ್ ಟ್ರೈನು, ಟೋಕಿಯೋದ ಜನಜಂಗುಳಿ, ಚೆರ್ರಿ ಹೂವು ಮತ್ತು ಫುಜಿ ಪರ್ವತ. ಆದರೆ ಅದೇ ದೇಶದಲ್ಲಿ ಸಾವಿರ ವರ್ಷಗಳಿಗೂ ಮಿಗಿಲಾಗಿ ಜನ ಕಾಲ್ನಡಿಗೆಯಲ್ಲಿ ಸಾಗುತ್ತಿರುವ ಒಂದು ಯಾತ್ರಾ ಮಾರ್ಗವಿದೆ. ಅದರ ಹೆಸರು ಕುಮಾನೊ ಕೊಡೊ. ‘ಕೊಡೊ’ ಎಂದರೆ ಹಳೆಯ ದಾರಿ. ಓಸಾಕಾ ನಗರದ ದಕ್ಷಿಣಕ್ಕೆ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಕೀ ಪರ್ಯಾಯ ದ್ವೀಪದ ದಟ್ಟ ಕಾಡುಬೆಟ್ಟಗಳ ನಡುವೆ ಹಾದುಹೋಗುವ ಹಲವು ಕಾಲುದಾರಿಗಳಿಗೆ ಒಟ್ಟಾಗಿ ಈ ಹೆಸರು. 2004ರಲ್ಲಿ ಯುನೆಸ್ಕೊ ಇಲ್ಲಿನ ಪುಣ್ಯಕ್ಷೇತ್ರಗಳನ್ನೂ ಅವುಗಳನ್ನು ಕೂಡಿಸುವ ದಾರಿಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದೇವಾಲಯಗಳು ಈ ಪಟ್ಟಿಗೆ ಸೇರುವುದು ಸಾಮಾನ್ಯ. ಯಾತ್ರಿಕರು ನಡೆಯುವ ದಾರಿಯೇ ಸೇರಿರುವುದು ಅಪರೂಪ. ಸ್ಪೇನಿನ ಸಾಂತಿಯಾಗೊ ಮಾರ್ಗಕ್ಕೆ 1993ರಲ್ಲಿ ಈ ಗೌರವ ಸಿಕ್ಕಿತ್ತು. ಈಗ ಎರಡೂ ದಾರಿಗಳು ಸೋದರ ಮಾರ್ಗಗಳೆನಿಸಿವೆ.

ಈಚಿನ ವರ್ಷಗಳಲ್ಲಿ ಮಾರ್ಗದರ್ಶಕರೊಬ್ಬರ ಜೊತೆ ಸಣ್ಣ ಗುಂಪಿನಲ್ಲಿ ಇಲ್ಲಿ ನಡೆಯುವ ಪ್ರವಾಸಗಳು ಜನಪ್ರಿಯವಾಗಿವೆ. ಹೋಗುವ ಯೋಚನೆಯುಳ್ಳವರಿಗೂ, ಮನೆಯಲ್ಲೇ ಕುಳಿತು ತಿಳಿಯಬಯಸುವವರಿಗೂ ಉಪಯೋಗವಾಗಲೆಂದು ಈ ದಾರಿಯ ಹಿನ್ನೆಲೆಯನ್ನೂ ನಡಿಗೆಯ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

ಮೂರು ಕ್ಷೇತ್ರಗಳು, ಎಲ್ಲರಿಗೂ ತೆರೆದ ಬಾಗಿಲು

ಯಾತ್ರೆಯ ಗುರಿ ‘ಕುಮಾನೊ ಸಾನ್‌ಜಾನ್’ ಎಂಬ ಮೂರು ಕ್ಷೇತ್ರಗಳು: ಬೆಟ್ಟಗಳ ನಡುವಿನ ಹೊಂಗೂ, ನದಿ ಸಮುದ್ರ ಸೇರುವಲ್ಲಿರುವ ಹಾಯಾತಾಮಾ, ಜಲಪಾತದ ಬಳಿಯ ನಾಚಿ. ಮೊದಲಿಗೆ ಇಲ್ಲಿ ಪೂಜೆಗೊಳ್ಳುತ್ತಿದ್ದುದು ಬೆಟ್ಟ, ನದಿ, ಬಂಡೆ ಮತ್ತು ಜಲಪಾತ. ಬೌದ್ಧಧರ್ಮ ಬಂದ ಮೇಲೆ ಸ್ಥಳೀಯ ದೇವತೆಗಳನ್ನು ಬುದ್ಧ, ಬೋಧಿಸತ್ತ್ವರ ರೂಪಗಳೆಂದು ಜನ ಕಂಡರು. ಹೊಂಗೂವಿನ ದೇವರು ಅಮಿತಾಭ, ಹಾಯಾತಾಮಾದ ದೇವರು ಭೈಷಜ್ಯಗುರು, ನಾಚಿಯ ದೇವತೆ ಅವಲೋಕಿತೇಶ್ವರ ಎಂದಾಯಿತು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯದೆ ಎರಡನ್ನೂ ಒಟ್ಟಿಗೆ ಇಟ್ಟುಕೊಂಡ ಈ ರೀತಿ ನಮ್ಮವರಿಗೆ ಸುಲಭವಾಗಿ ಅರ್ಥವಾಗುತ್ತದೆ.

907ರಲ್ಲಿ ಸಿಂಹಾಸನ ಬಿಟ್ಟಿದ್ದ ಉದಾ ಚಕ್ರವರ್ತಿ ಇಲ್ಲಿಗೆ ಯಾತ್ರೆ ಬಂದ. ಮುಂದೆ 12ನೆಯ ಶತಮಾನದ ಗೊ-ಶಿರಾಕಾವಾ ಮೂವತ್ತಕ್ಕೂ ಹೆಚ್ಚು ಸಲ ಬಂದನೆಂದು ದಾಖಲೆಗಳಿವೆ. ರಾಜಧಾನಿ ಕ್ಯೋಟೋದಿಂದ ಹೋಗಿ ಬರಲು ಮೂರ್ನಾಲ್ಕು ವಾರ ಬೇಕಿತ್ತು. 1201ರಲ್ಲಿ ಗೊ-ತೋಬಾನ ಪರಿವಾರದಲ್ಲಿ ಬಂದ ಕವಿ ಫುಜಿವಾರಾ ನೊ ತೆಯಿಕಾ ಮಳೆ, ಚಳಿ, ಕಡಿದಾದ ಏರು ಇವನ್ನೆಲ್ಲ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅರಸರ ಹಿಂದೆ ಸಾಮುರಾಯಿಗಳು, ಅವರ ಹಿಂದೆ ರೈತರು, ವ್ಯಾಪಾರಿಗಳು ಬಂದರು. ಸಾಲುಗಟ್ಟಿ ಬರುವ ಜನರನ್ನು ನೋಡಿ ‘ಇರುವೆಗಳ ಕುಮಾನೊ ಯಾತ್ರೆ’ ಎಂಬ ಮಾತೇ ಹುಟ್ಟಿಕೊಂಡಿತು.

ಕುಮಾನೊ ಇಷ್ಟು ಜನರನ್ನು ಸೆಳೆದದ್ದಕ್ಕೆ ಒಂದು ಮುಖ್ಯ ಕಾರಣವಿತ್ತು. ಹೆಂಗಸು-ಗಂಡಸು, ಬಡವ-ಬಲ್ಲಿದ, ಮಡಿ-ಮೈಲಿಗೆ ಎಂಬ ಭೇದ ಇಲ್ಲಿರಲಿಲ್ಲ. ಇಝುಮಿ ಶಿಕಿಬು ಎಂಬ ಪ್ರಸಿದ್ಧ ಕವಯಿತ್ರಿ ಹೊಂಗೂ ಇನ್ನೇನು ಕಾಣುತ್ತದೆ ಎನ್ನುವ ಫುಶಿಯೊಗಾಮಿ ಗುಡ್ಡದ ಬಳಿ ಬಂದಾಗ ಮುಟ್ಟಾದಳಂತೆ. ಇನ್ನು ದರ್ಶನವಿಲ್ಲವೆಂದು ದುಃಖಪಟ್ಟು ಕವಿತೆ ಬರೆದಳು. ಅಂದು ರಾತ್ರಿ ದೇವರು ಕನಸಿನಲ್ಲಿ ಬಂದು, ಅದೇನೂ ಅಡ್ಡಿಯಲ್ಲ, ಬಾ ಎಂದನಂತೆ. ಇದು ಐತಿಹ್ಯ, ನಿಜ. ಆದರೆ ಸುತ್ತಲಿನ ಕ್ಷೇತ್ರಗಳಲ್ಲಿ ಹೆಂಗಸರಿಗೆ ಪ್ರವೇಶವಿಲ್ಲದ ಕಾಲದಲ್ಲಿ ಇಂಥ ಕಥೆ ಹುಟ್ಟಿತು ಎಂಬುದು ಗಮನಿಸಬೇಕಾದ ಸಂಗತಿ. ಇದೇ ವಿಶ್ವ ಪರಂಪರೆಯ ವಲಯದಲ್ಲಿರುವ ಓಮಿನೆ ಪರ್ವತದ ಸಾನ್‌ಜೊಗಾತಾಕೆ ಶಿಖರಕ್ಕೆ ಇಂದಿಗೂ ಹೆಂಗಸರು ಹತ್ತುವಂತಿಲ್ಲ.

ಬಂಡಿ ಎಳೆದವರ ಕಥೆ

ಈ ದಾರಿಯ ಸ್ವಭಾವ ತಿಳಿಯಲು ಓಗುರಿಯ ಕಥೆ ಕೇಳಬೇಕು. ಊರೂರು ಅಲೆಯುವ ಕಥೆಗಾರರು ಶತಮಾನಗಳ ಕಾಲ ಹೇಳುತ್ತ ಬಂದದ್ದಿದು. ಓಗುರಿ ಎಂಬ ವೀರನಿಗೆ ಹೆಂಡತಿಯ ಮನೆಯವರೇ ವಿಷವಿಟ್ಟು ಕೊಂದರು. ಎನ್‌ಮಾ, ಅಂದರೆ ನಮ್ಮ ಯಮಧರ್ಮರಾಯ, ಅವನನ್ನು ಭೂಮಿಗೆ ಮರಳಿ ಕಳಿಸಿದ. ಆದರೆ ಬಂದದ್ದು ಕಣ್ಣು, ಕಿವಿ, ಮಾತು ಯಾವುದೂ ಇಲ್ಲದ, ನಡೆಯಲಾರದ ಎಲುಬಿನ ಗೂಡು. ಕುಮಾನೊದ ಬಿಸಿನೀರಿನ ಬುಗ್ಗೆಯಲ್ಲಿ ಮುಳುಗಿಸಿದರೆ ಇವನು ಮೊದಲಿನಂತಾಗುತ್ತಾನೆ ಎಂದು ಯಮ ಬರೆದು ಕಳಿಸಿದ್ದ. ಒಬ್ಬ ಸನ್ಯಾಸಿ ಅವನನ್ನು ಬಂಡಿಯಲ್ಲಿ ಕೂರಿಸಿ, ಒಮ್ಮೆ ಎಳೆದವರಿಗೆ ಇಂತಿಷ್ಟು ಪುಣ್ಯ, ಎರಡು ಸಲ ಎಳೆದವರಿಗೆ ಇನ್ನೂ ಹೆಚ್ಚು ಎಂದು ಬರೆದ ಹಲಗೆಯನ್ನು ಕೊರಳಿಗೆ ಕಟ್ಟಿದ. ದಾರಿಹೋಕರು ತಮ್ಮ ಕೈಲಾದಷ್ಟು ದೂರ ಎಳೆದು ಮುಂದಿನವರಿಗೆ ಒಪ್ಪಿಸಿದರು. ಛತ್ರವೊಂದರಲ್ಲಿ ದಾಸಿಯಾಗಿ ದುಡಿಯುತ್ತಿದ್ದ ಅವನ ಹೆಂಡತಿ ತೆರುತೆಯೂ ಅವನಾರೆಂದು ತಿಳಿಯದೆಯೇ, ಒಡೆಯನಲ್ಲಿ ರಜೆ ಬೇಡಿ ಕೆಲವು ದಿನ ಬಂಡಿ ಎಳೆದಳು. ಕೊನೆಗೆ ಯುನೊಮಿನೆಯ ಬುಗ್ಗೆಯಲ್ಲಿ ಮಿಂದು ಓಗುರಿ ಮೊದಲಿನಂತಾದ.

ಆ ಬುಗ್ಗೆ ಎಂದು ತೋರಿಸುವ ‘ತ್ಸುಬೊಯು’ ಯುನೊಮಿನೆ ಹಳ್ಳಿಯ ತೊರೆಯ ಪಕ್ಕದಲ್ಲಿ ಇಂದಿಗೂ ಇದೆ. ಒಂದಿಬ್ಬರು ಹಿಡಿಯುವಷ್ಟು ಕಲ್ಲಿನ ಕುಳಿ, ಮೇಲೊಂದು ಮರದ ಗುಡಿಸಲು. ಹಣ ಕೊಟ್ಟು ಸರದಿಯಂತೆ ಅರ್ಧ ಗಂಟೆ ಮೀಯಬಹುದು. ವಿಶ್ವ ಪರಂಪರೆಗೆ ಸೇರಿಯೂ ಜನ ಇಳಿದು ಸ್ನಾನ ಮಾಡುವ ಬುಗ್ಗೆ ಇದು.

ನಡಿಗೆ ಹೇಗಿರುತ್ತದೆ?

ಹಲವು ದಾರಿಗಳ ಪೈಕಿ ಹೆಚ್ಚಿನವರು ಆರಿಸಿಕೊಳ್ಳುವುದು ನಾಕಾಹೆಚಿ ಎಂಬ ಅರಸರ ದಾರಿ. ಓಸಾಕಾದಿಂದ ರೈಲಿನಲ್ಲಿ ಎರಡು ಗಂಟೆಗೂ ಸ್ವಲ್ಪ ಹೆಚ್ಚಿನ ಪ್ರಯಾಣ ಮಾಡಿ ಕೀ-ತಾನಾಬೆ ತಲುಪಬೇಕು. ಅಲ್ಲಿಂದ ಬಸ್ಸಿನಲ್ಲಿ ತಾಕಿಜಿರಿ. ಪುಣ್ಯಭೂಮಿಯ ಹೆಬ್ಬಾಗಿಲು ಇದೇ ಎಂದು ನಂಬಿಕೆ. ಇಲ್ಲಿಂದ ಹೊಂಗೂವಿಗೆ ಸುಮಾರು 38 ಕಿ.ಮೀ.

ಮೊದಲ ದಿನ ತಾಕಾಹಾರಾ ಹಳ್ಳಿಗೆ 4 ಕಿ.ಮೀ. ಮಾತ್ರ, ಆದರೆ ಬಹುಪಾಲು ಏರುದಾರಿ. ಎರಡನೆಯ ದಿನ ಚಿಕಾತ್ಸುಯುವಿಗೆ ಸುಮಾರು 10 ಕಿ.ಮೀ. ಮೂರನೆಯ ದಿನ ಹೊಂಗೂವಿಗೆ ಸುಮಾರು 25 ಕಿ.ಮೀ. ಅಷ್ಟು ಆಗದವರು ಬಸ್ಸಿನಲ್ಲಿ ಹೊಶ್ಶಿನ್‌ಮೊನ್ ಓಜಿವರೆಗೆ ಹೋಗಿ ಕೊನೆಯ 7 ಕಿ.ಮೀ. ನಡೆಯಬಹುದು. ಇದು ಬಹುಪಾಲು ಇಳಿಜಾರು. ಚಹಾ ತೋಟ, ಹಳ್ಳಿಮನೆಗಳ ನಡುವೆ ಸಾಗುತ್ತದೆ. ಯುನೊಮಿನೆಯಲ್ಲಿ ಒಂದು ದಿನ ವಿಶ್ರಾಂತಿ ಪಡೆದು ಎರಡು ಕಣಿವೆದಾರಿಗಳನ್ನು ದಾಟಿದರೆ ನಾಚಿ. ಮೊದಲನೆಯದು 13 ಕಿ.ಮೀ. ಎರಡನೆಯದಾದ ಓಗುಮೊತೊರಿ 14.5 ಕಿ.ಮೀ. ಇಡೀ ದಾರಿಯಲ್ಲಿ ಕಠಿಣವಾದದ್ದು ಇದೇ. ಬೆಳಗ್ಗೆಯೇ 800 ಮೀಟರ್ ಎತ್ತರ ಹತ್ತಬೇಕು. ಪಾಚಿ ಹಿಡಿದ ಕಲ್ಲುಮೆಟ್ಟಿಲು ಮಳೆ ಬಂದರೆ ಬಹಳ ಜಾರುತ್ತದೆ. ಕೊನೆಗೆ 133 ಮೀಟರ್ ಎತ್ತರದಿಂದ ಒಂದೇ ಧಾರೆಯಾಗಿ ಧುಮುಕುವ ನಾಚಿ ಜಲಪಾತದ ದರ್ಶನ.

ದಾರಿಯುದ್ದಕ್ಕೂ ‘ಓಜಿ’ ಎಂಬ ಪುಟ್ಟ ಗುಡಿಗಳಿವೆ. ಹಿಂದೆ ತೊಂಬತ್ತೊಂಬತ್ತು ಇದ್ದವು ಎನ್ನುವುದು ವಾಡಿಕೆಯ ಮಾತು. ಕೆಲವೆಡೆ ಈಗ ಒಂದು ಕಲ್ಲು ಮಾತ್ರ ಉಳಿದಿದೆ. ಹಲವು ಗುಡಿಗಳ ಬಳಿ ಮರದ ಪೆಟ್ಟಿಗೆಯಲ್ಲಿ ಮುದ್ರೆ ಇಟ್ಟಿರುತ್ತಾರೆ. ಯಾತ್ರಿಕರು ತಮ್ಮ ಪುಸ್ತಕದಲ್ಲಿ ಅದನ್ನು ಒತ್ತಿಕೊಳ್ಳುತ್ತಾರೆ. ಪ್ರತಿ 500 ಮೀಟರ್‌ಗೆ ಸಂಖ್ಯೆ ಬರೆದ ಕಂಬವಿದೆ. ಅಪಾಯವಾದರೆ ಆ ಸಂಖ್ಯೆ ಹೇಳಿದರೆ ಸಾಕು.

ಗುಂಪು ಏಕೆ ಸಣ್ಣದು?

ಇಂಥ ಪ್ರವಾಸಗಳಲ್ಲಿ ಸಾಮಾನ್ಯವಾಗಿ ಹತ್ತು ಹನ್ನೆರಡು ಜನ ಮೀರುವುದಿಲ್ಲ. ಇದಕ್ಕೆ ಕಾರಣ ಹಳ್ಳಿಗಳೇ. ತಂಗುವುದು ಹೋಟೆಲುಗಳಲ್ಲಲ್ಲ, ‘ಮಿನ್‌ಶುಕು’ ಎಂಬ ಮನೆ-ವಸತಿಗಳಲ್ಲಿ. ಒಂದೊಂದರಲ್ಲಿ ಇರುವುದು ಬೆರಳೆಣಿಕೆಯ ಕೋಣೆಗಳು. ಹಲವು ಕಡೆ ವಯಸ್ಸಾದ ಗಂಡಹೆಂಡತಿಯೇ ಅಡುಗೆ ಮಾಡಿ, ಬಡಿಸಿ, ಹಾಸಿಗೆ ಒದಗಿಸಿ, ಬೆಳಗ್ಗೆ ಬುತ್ತಿ ಕಟ್ಟಿಕೊಡುತ್ತಾರೆ. ದೊಡ್ಡ ಗುಂಪಿಗೆ ಅಲ್ಲಿ ಜಾಗವೇ ಇಲ್ಲ.

ಸಾಮಾನನ್ನು ಒಂದು ಊರಿನಿಂದ ಮುಂದಿನ ಊರಿಗೆ ವಾಹನದಲ್ಲಿ ಸಾಗಿಸುತ್ತಾರೆ. ಬೆನ್ನಿಗೆ ನೀರು, ಬುತ್ತಿ, ಮಳೆ ಅಂಗಿ ಇದ್ದರೆ ಸಾಕು. ಮಾರ್ಗದರ್ಶಕರು ದಾರಿ ತೋರುವುದಕ್ಕಿಂತ ಹೆಚ್ಚಾಗಿ ಮಾತಿನ ಸೇತುವೆಯಾಗುತ್ತಾರೆ. ಮನೆಯೊಡತಿಯ ಮಾತು, ಕಲ್ಲಿನ ಮೇಲಿನ ಬರಹ, ಗುಡಿಯ ಕಥೆ ಎಲ್ಲವೂ ಅವರಿಂದಲೇ ತಿಳಿಯಬೇಕು. ಇಂಥ ಪ್ರವಾಸ ದುಬಾರಿ ಎಂಬುದನ್ನು ಮುಚ್ಚಿಡಬೇಕಿಲ್ಲ. ಇಂಗ್ಲಿಷ್ ಫಲಕಗಳು ಚೆನ್ನಾಗಿವೆ. ತಾನಾಬೆಯ ಪ್ರವಾಸಿ ಕಚೇರಿ 2006ರಿಂದ ವಿದೇಶೀಯರಿಗೆ ನೆರವಾಗುತ್ತಿದೆ. ಆದ್ದರಿಂದ ಅನುಭವವುಳ್ಳವರು ತಾವೇ ಕೊಠಡಿ ಕಾದಿರಿಸಿಕೊಂಡು ಕಡಿಮೆ ಖರ್ಚಿನಲ್ಲಿ ನಡೆಯಬಹುದು. ಭಾಷೆ ಬಾರದವರಿಗೆ, ಹಿರಿಯರಿಗೆ, ಒಬ್ಬರೇ ಹೋಗುವವರಿಗೆ ಗುಂಪೇ ಮೇಲು.

ನಮ್ಮವರು ಗಮನಿಸಬೇಕಾದ ಕೆಲವು ವಿಷಯಗಳು

ಊಟ: ಸಸ್ಯಾಹಾರಿಗಳು ಕಾದಿರಿಸುವಾಗಲೇ ತಿಳಿಸಬೇಕು. ಮಾಂಸ ಬೇಡ ಎಂದರೆ ಸಾಲದು. ಜಪಾನಿ ಅಡುಗೆಯ ‘ದಾಶಿ’ ಎಂಬ ತಿಳಿಸಾರಿಗೆ ಸಾಮಾನ್ಯವಾಗಿ ಒಣಮೀನು ಹಾಕುತ್ತಾರೆ. ಮೇಲೆ ತರಕಾರಿ ಕಂಡರೂ ಒಳಗೆ ಮೀನಿನ ರಸವಿರಬಹುದು. ಅನ್ನ, ತೋಫು, ಕಾಡುಸೊಪ್ಪು ಧಾರಾಳವಾಗಿ ಸಿಗುತ್ತವೆ. ಈ ಪ್ರಾಂತದ ಉಪ್ಪಿನಲ್ಲಿ ಹಾಕಿದ ‘ಉಮೆಬೊಶಿ’ ಹಣ್ಣು ನಮ್ಮ ಉಪ್ಪಿನಕಾಯಿಯ ಕೊರತೆಯನ್ನು ತಕ್ಕಮಟ್ಟಿಗೆ ನೀಗುತ್ತದೆ. ಹತ್ತಿರದ ಕೋಯಾಸಾನ್ ಮಠಗಳಲ್ಲಿ ಸನ್ಯಾಸಿಗಳ ಶುದ್ಧ ಸಸ್ಯಾಹಾರ ಸಿಗುತ್ತದೆ.

ಸ್ನಾನ: ಬಿಸಿನೀರಿನ ಸಾಮೂಹಿಕ ಸ್ನಾನಕ್ಕೆ ಬಟ್ಟೆಯಿಲ್ಲದೆ ಇಳಿಯುವುದು ಅಲ್ಲಿನ ಪದ್ಧತಿ. ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಜಾಗ ಅಥವಾ ಸಮಯವಿರುತ್ತದೆ. ಹೊರಗೆ ಕುಳಿತು ಮೈ ತೊಳೆದುಕೊಂಡ ಮೇಲೆಯೇ ಕೊಳಕ್ಕೆ ಇಳಿಯಬೇಕು.

ಸಿದ್ಧತೆ: ಇದು ಜಪಾನಿನಲ್ಲಿ ಬಹಳ ಮಳೆ ಬೀಳುವ ಪ್ರದೇಶ. ಮಲೆನಾಡಿನವರಿಗೆ ಮನೆಯ ನೆನಪಾದೀತು. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ಒಳ್ಳೆಯ ಕಾಲ. ಜಾರದ ಬೂಟು, ಊರುಗೋಲು, ಮಳೆ ಅಂಗಿ, ನಗದು ಹಣ ಮತ್ತು ವೈದ್ಯಕೀಯ ವಿಮೆ ಬೇಕೇ ಬೇಕು. ಹೊರಡುವ ಎರಡು ತಿಂಗಳ ಮೊದಲೇ ಮೆಟ್ಟಿಲು ಹತ್ತಿ ಇಳಿಯುವ ಅಭ್ಯಾಸ ಮಾಡಿ. ಮಂಡಿನೋವು, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿ ಹೊರಡಿ.

ದಕ್ಷಿಣ ಭಾರತದ ನಂಟು

ನಾಚಿಯಲ್ಲಿ ನಮಗೆ ಅಚ್ಚರಿ ತರುವ ಸಂಗತಿಯೊಂದಿದೆ. ಅಲ್ಲಿನ ಸೆಯಿಗಾಂತೊ-ಜಿ ದೇವಾಲಯವನ್ನು ಸ್ಥಾಪಿಸಿದವನು ಸಮುದ್ರದಲ್ಲಿ ತೇಲಿಬಂದ ಭಾರತದ ಸನ್ಯಾಸಿ ಎಂದು ಸ್ಥಳಪುರಾಣ ಹೇಳುತ್ತದೆ. ಬೆಟ್ಟದ ಕೆಳಗೆ ಸಮುದ್ರದ ಹತ್ತಿರ ಫುದಾರಾಕುಸಾನ್-ಜಿ ಎಂಬ ಇನ್ನೊಂದು ದೇವಾಲಯವಿದೆ. ‘ಫುದಾರಾಕು’ ಎಂಬುದು ಸಂಸ್ಕೃತದ ‘ಪೋತಲಕ’ ಶಬ್ದದ ಜಪಾನಿ ರೂಪ. ಅದು ಅವಲೋಕಿತೇಶ್ವರನ ನೆಲೆಯಾದ ಪರ್ವತ. ಏಳನೆಯ ಶತಮಾನದ ಯಾತ್ರಿಕ ಹ್ಯುಯೆನ್‌ತ್ಸಾಂಗ್ ಅದನ್ನು ದಕ್ಷಿಣ ಭಾರತದ ಮಲಯ ಪರ್ವತಗಳ ಬಳಿ ಗುರುತಿಸಿದ್ದಾನೆ. ತಮಿಳುನಾಡು-ಕೇರಳ ಗಡಿಯ ಪೊದಿಗೈ ಬೆಟ್ಟವೇ ಅದು ಎಂದು ಕೆಲವು ವಿದ್ವಾಂಸರ ಅಭಿಪ್ರಾಯ. ಒಂಬತ್ತನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ಹಲವು ಸನ್ಯಾಸಿಗಳು ನಾಚಿಯ ಕರಾವಳಿಯಿಂದ ಆ ಪುಣ್ಯಲೋಕವನ್ನು ಅರಸಿ, ಬಾಗಿಲು ಮುಚ್ಚಿದ ದೋಣಿಗಳಲ್ಲಿ ದಕ್ಷಿಣಕ್ಕೆ ಹೊರಟರು. ಅದು ಮರಳಿ ಬಾರದ ಪ್ರಯಾಣವಾಗಿತ್ತು. ಅಂಥ ದೋಣಿಯ ಪ್ರತಿಕೃತಿಯೊಂದು ದೇವಾಲಯದ ಅಂಗಳದಲ್ಲಿದೆ.

ದಾರಿ ಉಳಿದದ್ದು ಹೇಗೆ?

ಸಾವಿರ ವರ್ಷದ ದಾರಿ ತಾನಾಗಿಯೇ ಉಳಿಯುವುದಿಲ್ಲ. ಹೊಂಗೂ ದೇವಾಲಯ ಮೊದಲಿದ್ದದ್ದು ನದಿಗಳು ಕೂಡುವ ಓಯುನೊಹಾರಾ ಎಂಬ ಬಯಲಿನಲ್ಲಿ. 1889ರ ಪ್ರವಾಹದಲ್ಲಿ ಬಹುಪಾಲು ಕೊಚ್ಚಿಹೋಯಿತು. ಉಳಿದ ಗುಡಿಗಳನ್ನು ಬಿಚ್ಚಿ ಗುಡ್ಡದ ಮೇಲೆ ಮತ್ತೆ ಕಟ್ಟಿದರು. ಹಳೆಯ ಜಾಗದಲ್ಲಿ 2000ದಲ್ಲಿ ನಿಲ್ಲಿಸಿದ ಸುಮಾರು 34 ಮೀಟರ್ ಎತ್ತರದ ತೋರಣದ್ವಾರ ದೂರದಿಂದಲೇ ಕಾಣುತ್ತದೆ.

1906ರಲ್ಲಿ ಸರ್ಕಾರ ಊರೂರಿನ ಸಣ್ಣ ಗುಡಿಗಳನ್ನು ಒಗ್ಗೂಡಿಸುವ ಆಜ್ಞೆ ತಂದಿತು. ಅನೇಕ ಓಜಿಗಳು ಮುಚ್ಚಿದವು, ದೇವರಕಾಡುಗಳಿಗೆ ಕೊಡಲಿ ಬಿತ್ತು. ಲಂಡನ್ನಿನಲ್ಲಿ ವರ್ಷಗಟ್ಟಲೆ ಓದಿ ಬಂದು ತಾನಾಬೆಯಲ್ಲಿ ನೆಲೆಸಿದ್ದ ವಿಜ್ಞಾನಿ ಮಿನಾಕಾತಾ ಕುಮಾಗುಸು ಇದನ್ನು ವಿರೋಧಿಸಿ ಪತ್ರಿಕೆಗಳಲ್ಲಿ ಬರೆದರು, ಜೈಲಿಗೂ ಹೋದರು. ಚಿಕಾತ್ಸುಯುವಿನ ಆಚೆ ತ್ಸುಗಿಜಾಕುರಾ ಓಜಿಯ ಬಳಿ ಇಂದು ನಿಂತಿರುವ ಕೆಲವೇ ಹೆಮ್ಮರಗಳು ಆ ಹೋರಾಟದ ಫಲ. ಅವುಗಳ ಕೊಂಬೆಗಳೆಲ್ಲ ನಾಚಿಯ ಕಡೆಗೆ, ದಕ್ಷಿಣಕ್ಕೇ ಚಾಚಿವೆ. 2011ರ ಸೆಪ್ಟೆಂಬರಿನಲ್ಲಿ ಚಂಡಮಾರುತ ಕೆಲವೇ ದಿನಗಳಲ್ಲಿ ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಸುರಿಸಿದಾಗ ಈ ಬೆಟ್ಟಗಳಲ್ಲಿ ಬಹಳ ಜನ ಸತ್ತರು, ದಾರಿಯೂ ಅಲ್ಲಲ್ಲಿ ಕುಸಿಯಿತು.

ಈಗಿನ ಅಪಾಯ ಬೇರೆ ಬಗೆಯದು. ಯುವಕರು ನಗರ ಸೇರುತ್ತಿದ್ದಾರೆ, ಹಳ್ಳಿಗಳಲ್ಲಿ ವಯಸ್ಸಾದವರೇ ಉಳಿದಿದ್ದಾರೆ. ಒಂದು ಮಿನ್‌ಶುಕು ಮುಚ್ಚಿದರೆ ಯಾತ್ರಿಕರಿಗೆ ಒಂದು ದಿನದ ತಂಗುದಾಣವೇ ಇಲ್ಲವಾಗುತ್ತದೆ. ದಾರಿ ದುರಸ್ತಿಗೆ ‘ಮಿಚಿಬುಶಿನ್’ ಎಂಬ ಹಳೆಯ ಪದ್ಧತಿಯನ್ನು ಮತ್ತೆ ತಂದಿದ್ದಾರೆ. ಶಾಲಾಮಕ್ಕಳು, ಕಚೇರಿಯ ನೌಕರರು, ಪ್ರವಾಸಿಗರು ಮಣ್ಣು ಹೊತ್ತು ತಂದು, ಮಳೆಗೆ ಕೊರೆದುಹೋದ ಕಡೆ ಸುರಿದು, ದಿಮ್ಮಸಿನಿಂದ ಬಡಿದು ಗಟ್ಟಿ ಮಾಡುತ್ತಾರೆ. ಹಿಂದೆ ಕುಮಾನೊದ ಭಿಕ್ಷುಣಿಯರು ಸ್ವರ್ಗ-ನರಕಗಳ ಚಿತ್ರಪಟ ಹಿಡಿದು, ಊರೂರು ತಿರುಗಿ ಕಥೆ ಹೇಳಿ, ಈ ಕ್ಷೇತ್ರಗಳ ಜೀರ್ಣೋದ್ಧಾರಕ್ಕೆ ಕಾಸು ಕಾಸು ಕೂಡಿಸುತ್ತಿದ್ದರು. ಪ್ರತಿವರ್ಷ ದೇಣಿಗೆ ಕೇಳಲು ಹೊರಡುವ ನಮ್ಮ ಕಾರ್ಯಕರ್ತರಿಗೆ ಆ ಕಷ್ಟ ಗೊತ್ತೇ ಇದೆ.

ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವ ಉತ್ತರ ಕರ್ನಾಟಕದವರಿಗೆ ದಾರಿಯ ಊರಿನವರು ಊಟ ನೀರು ಕೊಟ್ಟು, ಬೊಕ್ಕೆ ಎದ್ದ ಕಾಲಿಗೆ ಔಷಧಿ ಹಚ್ಚುವುದನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಕುಮಾನೊಗೆ ಹೋಗುವವರು ಜಲಪಾತದ ಫೋಟೋ ತೆಗೆಯುವುದರ ಜೊತೆಗೆ ಇಂಥ ಮನೆಗಳಲ್ಲಿ ಒಂದು ರಾತ್ರಿಯಾದರೂ ತಂಗಿ, ಅವರು ಕಟ್ಟಿಕೊಟ್ಟ ಬುತ್ತಿ ಉಣ್ಣಬೇಕು. ಸಾಧ್ಯವಾದರೆ ಒಂದು ಬುಟ್ಟಿ ಮಣ್ಣನ್ನೂ ಹೊರಬೇಕು. ಮುಂದೆ ಬರುವವರಿಗೆ ದಾರಿ ಉಳಿಯುವುದು ಇದರಿಂದಲೇ.