ಪಾಯದ ಮಣ್ಣೇ ಗೋಡೆಯಾಗುವುದಾದರೆ

ಬೆಂಗಳೂರಿನಲ್ಲಿ ಮನೆ ಕಟ್ಟಿಸುವವರ ಖರ್ಚಿನ ಪಟ್ಟಿಯಲ್ಲಿ ಪಾಯ ಅಗೆದ ಮಣ್ಣನ್ನು ಹೊರಗೆ ಸಾಗಿಸಿದ ಲಾರಿ ಬಾಡಿಗೆಯೂ ಇರುತ್ತದೆ. ಅದರ ಕೆಳಗೇ ಇಟ್ಟಿಗೆಯ ಲೆಕ್ಕ. ಆ ಇಟ್ಟಿಗೆಯೂ ಮಣ್ಣೇ. ಯಾವುದೋ ಊರಿನ ಹೊಲದ್ದೋ ಕೆರೆಯಂಗಳದ್ದೋ ಮಣ್ಣನ್ನು ಅಚ್ಚು ಹಾಕಿ, ಗೂಡಿನಲ್ಲಿ ದಿನಗಟ್ಟಲೆ ಸೌದೆ ಉರಿಸಿ ಸುಟ್ಟು ತಂದದ್ದು. ಇದ್ದ ಮಣ್ಣನ್ನು ದುಡ್ಡು ಕೊಟ್ಟು ಸಾಗಹಾಕಿ, ಬೇರೆ ಕಡೆಯ ಮಣ್ಣನ್ನು ದುಡ್ಡು ಕೊಟ್ಟು ತರಿಸಿಕೊಳ್ಳುವುದರ ಬದಲು ಬೇರೆ ದಾರಿ ಇಲ್ಲವೇ? ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರ ಒಂದು ಗುಂಪು ಅರ್ಧ ಶತಮಾನದ ಹಿಂದೆಯೇ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು.

1974ರಲ್ಲಿ ಸಂಸ್ಥೆಯೊಳಗೆ 'ಅಸ್ತ್ರ' ಹುಟ್ಟಿತು. ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಹಳ್ಳಿಗಳಿಗೆ ಒದಗಿಸುವುದು ಅದರ ಗುರಿ. ಆ ಗುರಿಯ ಇಂಗ್ಲಿಷ್ ಮಾತಿನ ಮೊದಲ ಅಕ್ಷರಗಳೇ ಸೇರಿ ಅದರ ಹೆಸರಾಯಿತು. ಕಟ್ಟಿದವರು ಅಮೂಲ್ಯ ಕೆ.ಎನ್. ರೆಡ್ಡಿ. ಅವರೇನೂ ಕಟ್ಟಡದ ಮನುಷ್ಯರಲ್ಲ, ವಿದ್ಯುತ್ ರಸಾಯನಶಾಸ್ತ್ರದಲ್ಲಿ ಜಗತ್ತೇ ಓದುವ ಪಠ್ಯಪುಸ್ತಕ ಬರೆದವರಲ್ಲಿ ಒಬ್ಬರು. ದೇಶದ ಅತ್ಯುತ್ತಮ ಪ್ರಯೋಗಾಲಯಗಳು ಪಕ್ಕದ ಹಳ್ಳಿಯ ಒಲೆ, ನೀರು, ಸೂರಿನ ಕಡೆ ತಿರುಗಿಯೂ ನೋಡುತ್ತಿಲ್ಲ ಎಂಬ ಕೊರಗು ಅವರದಾಗಿತ್ತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರವೊಂದು ತೆರೆಯಿತು. ಸೌದೆ ಉಳಿಸುವ ಅಸ್ತ್ರ ಒಲೆ ರೂಪುಗೊಂಡದ್ದು ಈ ಬಳಗದಲ್ಲೇ. ಮನೆಯ ವಿಷಯವನ್ನು ಸಿವಿಲ್ ಎಂಜಿನಿಯರಿಂಗ್‌ನ ಕೆ.ಎಸ್. ಜಗದೀಶ್, ಅವರ ಜೊತೆಗೆ ಬಿ.ವಿ. ವೆಂಕಟರಾಮ ರೆಡ್ಡಿ ಹಿಡಿದುಕೊಂಡರು.

ಮಣ್ಣಿನ ಗೋಡೆಗೆ ಶತ್ರು ನೀರು. ಅಜ್ಜಂದಿರ ಕಾಲದ ಗೋಡೆಗಳು ಸೂರಿನ ಅಂಚು ಉದ್ದವಿರುವ ತನಕ, ವರ್ಷ ವರ್ಷವೂ ಸಾರಿಸುವ ಕೈಗಳಿರುವ ತನಕ ಚೆನ್ನಾಗಿಯೇ ಬಾಳಿದವು. ಆ ಆರೈಕೆ ನಿಂತಲ್ಲಿ ಮಳೆಗೆ ಕರಗಿದವು. ಇಂಥ ಮಣ್ಣಿಗೆ ಶೇಕಡ ಆರರಿಂದ ಎಂಟರಷ್ಟು ಸಿಮೆಂಟ್ ಬೆರೆಸಿ ಒತ್ತಿದರೆ ಅದು ನೀರಿನಲ್ಲಿ ಕರಗುವುದಿಲ್ಲ. ಇಷ್ಟನ್ನು ಬೇರೆ ದೇಶದವರೂ ಕಂಡುಕೊಂಡಿದ್ದರು. 1950ರ ದಶಕದಲ್ಲಿ ಕೊಲಂಬಿಯದ ಬೊಗೋಟದಲ್ಲಿ ಕೈಯಿಂದ ಒತ್ತುವ ಯಂತ್ರವೂ ತಯಾರಾಗಿತ್ತು. ಆದರೆ ನಮ್ಮ ಮಣ್ಣಿಗೆ ಎಷ್ಟು ಸಿಮೆಂಟ್ ಬೇಕು, ಎಷ್ಟು ಬಿಗಿಯಾಗಿ ಒತ್ತಬೇಕು, ಯಾವ ಮಣ್ಣು ಆಗಿಬರುತ್ತದೆ, ಯಾವುದು ಬರುವುದಿಲ್ಲ ಎನ್ನುವುದನ್ನು ಇಲ್ಲೇ ತಿಳಿಯಬೇಕಿತ್ತು. ಅಸ್ತ್ರದವರು ತಮ್ಮದೇ ಯಂತ್ರವನ್ನೂ ರೂಪಿಸಿದರು. ಅದಕ್ಕೆ ಕರೆಂಟ್ ಬೇಡ. ಉದ್ದನೆಯ ಹಿಡಿಯನ್ನು ಎಳೆದರೆ ಅಚ್ಚಿನೊಳಗಿನ ಮಣ್ಣು ಒತ್ತಿಕೊಂಡು, 230 ಮಿಲಿಮೀಟರ್ ಉದ್ದ, 190 ಅಗಲ, 100 ಎತ್ತರದ ಇಟ್ಟಿಗೆ ಮೇಲೆದ್ದು ಬರುತ್ತದೆ. ಸುಟ್ಟ ಇಟ್ಟಿಗೆಯ ಎರಡು ಪಟ್ಟಿಗೂ ಮಿಕ್ಕಿದ ಗಾತ್ರ.

ಈ ಕೆಲಸವನ್ನು ನಿವೇಶನದಲ್ಲೇ ನೋಡಬೇಕು. ಅಗೆದ ಮಣ್ಣನ್ನು ಜಾಲರಿಯಲ್ಲಿ ಸೋಸುತ್ತಾರೆ. ಜಿಗುಟು ಹೆಚ್ಚಾಗಿದ್ದರೆ ಮರಳು ಸೇರಿಸುತ್ತಾರೆ. ಸಿಮೆಂಟನ್ನು ಒಣಮಣ್ಣಿಗೆ ಬೆರೆಸಿದ ಮೇಲೆ ನೀರು ಚಿಮುಕಿಸುತ್ತಾರೆ, ಸುರಿಯುವುದಿಲ್ಲ. ಹದ ನೋಡಲು ಒಂದು ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಡಬೇಕು. ಪುಡಿಪುಡಿಯಾದರೆ ನೀರು ಸಾಲದು. ಒಡೆಯದೆ ಚಪ್ಪಟೆಯಾದರೆ ನೀರು ಹೆಚ್ಚಾಗಿದೆ. ನಾಲ್ಕೈದು ತುಂಡಾದರೆ ಸರಿಯಾದ ಹದ. ಮಣ್ಣಿನ ಗುಣ ತಿಳಿಯಲು ಗಾಜಿನ ಬಾಟಲಿ ಸಾಕು: ಮಣ್ಣು, ನೀರು ಹಾಕಿ ಚೆನ್ನಾಗಿ ಕುಲುಕಿಟ್ಟರೆ ಮರಳು ಮೊದಲು ತಳ ಸೇರುತ್ತದೆ, ನುಣುಪು ಮಣ್ಣು ಅದರ ಮೇಲೆ, ಜೇಡಿ ಕೊನೆಗೆ. ಒತ್ತಿದ ಇಟ್ಟಿಗೆಯನ್ನು ಪೇರಿಸಿ, ಹುಲ್ಲು ಹೊದಿಸಿ, ಮೂರು ನಾಲ್ಕು ವಾರ ನೀರುಣಿಸಬೇಕು. ಬಲವನ್ನು ಅಳೆಯುವಾಗ ಮಾತ್ರ ಪ್ರಯೋಗಾಲಯದವರು ಕರುಣೆ ತೋರುವುದಿಲ್ಲ. ಎರಡು ದಿನ ನೀರಿನಲ್ಲಿ ಮುಳುಗಿಸಿಟ್ಟ ಇಟ್ಟಿಗೆಯನ್ನೇ ಯಂತ್ರಕ್ಕೆ ಒಡ್ಡುತ್ತಾರೆ. ಮಳೆಗಾಲದ ಗೋಡೆಯ ಸ್ಥಿತಿ ಅದೇ ತಾನೆ.

ಹಳೆ ಮೈಸೂರು ಸೀಮೆಯ ಕೆಮ್ಮಣ್ಣು ಇದಕ್ಕೆ ಹೇಳಿ ಮಾಡಿಸಿದ್ದು. ಅದರ ಜೇಡಿ ನೀರು ಕುಡಿದರೂ ಹೆಚ್ಚು ಹಿಗ್ಗದು. ಉತ್ತರ ಕರ್ನಾಟಕದ ಎರೆಮಣ್ಣು ಹಿಗ್ಗುತ್ತದೆ, ಒಣಗಿದರೆ ಬಿರಿಯುತ್ತದೆ. ಅದಕ್ಕೆ ಸುಣ್ಣ, ಮರಳು ಎರಡೂ ಬೇಕು, ದುಡಿಮೆಯೂ ಹೆಚ್ಚು. ಎಲ್ಲ ಊರಿಗೂ ಒಂದೇ ಪಾಕ ಒಪ್ಪುವುದಿಲ್ಲ.

ಇಷ್ಟೆಲ್ಲ ಶ್ರಮ ಯಾಕೆ? ಉತ್ತರ ಉರುವಲಿನಲ್ಲಿದೆ. ಕಟ್ಟಡಕ್ಕೆ ಬಳಸುವ ವಸ್ತು ತಯಾರಾಗುವಾಗಲೇ ನುಂಗಿದ ಶಕ್ತಿಯನ್ನು ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಲೆಕ್ಕ ಹಾಕಿ 2003ರಲ್ಲಿ ಪ್ರಕಟಿಸಿದರು. ಮಣ್ಣು–ಸಿಮೆಂಟ್ ಇಟ್ಟಿಗೆಗೆ ತಗಲುವ ಶಕ್ತಿ ಸುಟ್ಟ ಇಟ್ಟಿಗೆಯದರ ನಾಲ್ಕನೇ ಒಂದು ಭಾಗದಷ್ಟೇ. ಗೋಡೆಯೇ ಭಾರ ಹೊರುವ ಮನೆಯಲ್ಲಿ ಇಂಥ ಪರ್ಯಾಯ ವಸ್ತುಗಳನ್ನು ಬಳಸಿದರೆ ಇಡೀ ಕಟ್ಟಡದ ಶಕ್ತಿಯ ಖರ್ಚು ಅರ್ಧಕ್ಕೆ ಇಳಿಯಬಲ್ಲದು. ಜಗತ್ತಿನಲ್ಲಿ ಶಕ್ತಿಯ ಬಳಕೆಯಿಂದ ಹೊಮ್ಮುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಮೂರನೇ ಒಂದಕ್ಕೂ ಹೆಚ್ಚು ಪಾಲು ಕಟ್ಟಡ ಮತ್ತು ನಿರ್ಮಾಣದ್ದು. ಹಾಗಾಗಿ ಈ ಲೆಕ್ಕ ಚಿಕ್ಕದಲ್ಲ. ಇನ್ನೊಂದು ಲೆಕ್ಕವೂ ಇದೆ: ಸಿಮೆಂಟಿಗೆ, ಕಬ್ಬಿಣಕ್ಕೆ ಕೊಟ್ಟ ಹಣ ಊರಾಚೆ ಹೋಗುತ್ತದೆ. ಇಟ್ಟಿಗೆಯನ್ನು ನಿವೇಶನದಲ್ಲೇ ಒತ್ತಿದರೆ ಅದಕ್ಕೆ ತಗಲುವ ಹಣದಲ್ಲಿ ದೊಡ್ಡ ಪಾಲು ಕೂಲಿಯಾಗಿ ಅಲ್ಲಿಯ ಕೈಗಳಿಗೇ ಸೇರುತ್ತದೆ.

ಒಳಾಂಗಣವೂ ಇದರಿಂದ ಬದಲಾಗುತ್ತದೆ. ಅಂಚು ನೇರವಿರುವ ಈ ಇಟ್ಟಿಗೆಗೆ ಒಳಗೆ ಪ್ಲಾಸ್ಟರ್ ಬೇಡ, ಬಣ್ಣವೂ ಬೇಡ. ಕೆಮ್ಮಣ್ಣಿನ ಬಣ್ಣವೇ ಕೋಣೆಯ ಬಣ್ಣ. ಚಾವಣಿಯಲ್ಲಿ ಮಂಗಳೂರು ಹೆಂಚು ಕಾಣಿಸಿಕೊಳ್ಳುತ್ತದೆ. ಕಾಂಕ್ರೀಟ್ ತಾರಸಿಯ ಕೆಳಭಾಗದಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣದ ಸರಳು, ಅಲ್ಲಿಯ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಆ ಜಾಗದಲ್ಲಿ ಹೆಂಚು ತುಂಬಿದರೆ ಕಾಂಕ್ರೀಟ್ ಉಳಿಯುತ್ತದೆ, ತಾರಸಿ ಹಗುರಾಗುತ್ತದೆ, ಕೆಳಗಿನಿಂದ ನೋಡಿದರೆ ಹೆಂಚಿನ ಸಾಲೇ ಅಲಂಕಾರ. ತಿರುವನಂತಪುರದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಈ ಕ್ರಮವನ್ನು ಮನೆಮಾತಾಗಿಸಿದ್ದರು.

ಹಳ್ಳಿಯ ಬಡವರ ಮನೆಯ ಪ್ರಶ್ನೆಗೆ ಅಮೆರಿಕದ ಅಲಬಾಮದಲ್ಲಿ ಆಬರ್ನ್ ವಿಶ್ವವಿದ್ಯಾಲಯ ಬೇರೆ ದಾರಿ ಹಿಡಿಯಿತು. ಸ್ಯಾಮುಯೆಲ್ ಮಾಕ್‌ಬೀ ಮತ್ತು ಡಿ.ಕೆ. ರೂತ್ 1993ರಲ್ಲಿ ಬಡತನಕ್ಕೆ ಹೆಸರಾದ ಹೇಲ್ ಕೌಂಟಿಯಲ್ಲಿ 'ರೂರಲ್ ಸ್ಟುಡಿಯೊ' ಆರಂಭಿಸಿದರು. ವಾಸ್ತುಶಿಲ್ಪದ ವಿದ್ಯಾರ್ಥಿಗಳು ಅಲ್ಲೇ ಇದ್ದು, ಅಲ್ಲಿಯವರ ಜೊತೆ ಕೂತು ಮಾತಾಡಿ, ನಕ್ಷೆ ಬರೆದು, ತಾವೇ ಕಟ್ಟಬೇಕು. ಅವರ ಮೊದಲ ಮನೆಯ ಗೋಡೆ ಒಣಹುಲ್ಲಿನ ಪಿಂಡಿಗಳದ್ದು. 2005ರಲ್ಲಿ ಅವರು ಇನ್ನೂ ಕಠಿಣ ಸವಾಲು ಹಾಕಿಕೊಂಡರು: ಇಪ್ಪತ್ತು ಸಾವಿರ ಡಾಲರಿನಲ್ಲಿ ಒಂದು ಮನೆ. ಸರ್ಕಾರದ ಪಿಂಚಣಿ ನಂಬಿ ಬದುಕುವವರು ತೀರಿಸಬಲ್ಲ ಸಾಲದಿಂದ ಹೊರಟ ಅಂಕಿ ಅದು. ಮನೆಯ ಅಂದಕ್ಕಿಂತ ಮೊದಲು ಮನೆಯವರ ತಿಂಗಳ ಆದಾಯವನ್ನು ನೋಡಿ ನಕ್ಷೆ ಬರೆಯುವುದನ್ನು ನಮ್ಮ ವಾಸ್ತುಶಿಲ್ಪ ಕಾಲೇಜುಗಳೂ ಕಲಿಸಬೇಕು.

ಇತ್ತ ಕರ್ನಾಟಕದಲ್ಲಿ ಮಣ್ಣಿನ ಇಟ್ಟಿಗೆಗೆ ಅಡ್ಡ ಬಂದದ್ದು ಮಾನದ ಪ್ರಶ್ನೆ. ಹಳ್ಳಿಯಲ್ಲಿ ಮಣ್ಣಿನ ಮನೆ ಎಂದರೆ ಬಡವರ ಮನೆ, ಕಾಂಕ್ರೀಟ್ ತಾರಸಿ ಎಂದರೆ ಏಳಿಗೆ. ಹೆಣ್ಣು ಕೊಡುವವರೂ ಅದನ್ನೇ ನೋಡುತ್ತಾರೆ. ಆದರೆ ಸುಗ್ಗನಹಳ್ಳಿ ಎಂಬ ಊರಿನ ಮನೆಗಳನ್ನು ಅಭ್ಯಾಸ ಮಾಡಿದ ವಿಜ್ಞಾನ ಸಂಸ್ಥೆಯ ಮಾಂಟೋ ಮಣಿ ಮತ್ತು ಸಂಗಡಿಗರು ಬೇರೆಯೇ ಚಿತ್ರ ಕಂಡರು. ಸಾಂಪ್ರದಾಯಿಕ ವಸ್ತುಗಳ ಜಾಗಕ್ಕೆ ಹೊಸವು ಬಂದಂತೆ ಮನೆ ನುಂಗುವ ಶಕ್ತಿ ಏರಿತ್ತು, ಒಳಗಿನ ಹಿತ ಕುಂದಿತ್ತು. ಬೇಸಿಗೆಯ ಮಧ್ಯಾಹ್ನ ಶೀಟಿನ ಕೆಳಗೆ ಕೂತವರಿಗೆ ಇದಕ್ಕೆ ಪುರಾವೆ ಬೇಕಿಲ್ಲ. ಆದರೂ ಸರ್ಕಾರಿ ಯೋಜನೆಯ ಮನೆ ಮಂಜೂರು ಮಾಡುವ ಕಚೇರಿಗೆ ಪುರಾವೆ ಬೇಕು, ಅದಕ್ಕೇ ಅಧ್ಯಯನ ಬೇಕು.

ಈಗ ಮಣ್ಣಿನ ಇಟ್ಟಿಗೆಯನ್ನು ಹುಡುಕಿಕೊಂಡು ಬರುವವರಲ್ಲಿ ಬೆಂಗಳೂರಿನ ಓದಿದ ಮಧ್ಯಮವರ್ಗದವರೇ ಹೆಚ್ಚು. ಚಿತ್ರಾ ವಿಶ್ವನಾಥ್ ಅವರಂಥ ವಾಸ್ತುಶಿಲ್ಪಿಗಳು ಮಣ್ಣಿನ ಮನೆಗೆ ನಗರದಲ್ಲಿ ಗೌರವ ತಂದುಕೊಟ್ಟರು. ಅದು ದೊಡ್ಡ ಕೆಲಸ. ಹಳ್ಳಿಯ ಬಡವರಿಗೆಂದು ಶುರುವಾದ ಸಂಶೋಧನೆ ಅವರನ್ನು ಮುಟ್ಟಬೇಕಾದಷ್ಟು ಮುಟ್ಟಿಲ್ಲ ಎನ್ನುವುದು ಮಾತ್ರ ನೋವಿನ ಸಂಗತಿ. ಯಂತ್ರ ಇದೆ, ಭಾರತೀಯ ಮಾನಕ ಐಎಸ್ 1725 ಇದೆ, ಅದು 2013ರಲ್ಲಿ ಪರಿಷ್ಕರಣೆಯೂ ಆಯಿತು. ಉಂಡೆಯ ಹದ ಬಲ್ಲ ಮೇಸ್ತ್ರಿಗಳು ತಾಲ್ಲೂಕಿಗೆ ಹತ್ತು ಜನ ಇಲ್ಲದಿದ್ದರೆ ಇವೆರಡರಿಂದ ಮನೆ ಏಳುವುದಿಲ್ಲ. ಮೇಸ್ತ್ರಿಗಳ ತರಬೇತಿಗೆ ಸರ್ಕಾರ ಹಣ ತೆಗೆದಿಡಬೇಕು.

ಅಸ್ತ್ರ ಇಂದು 'ಸುಸ್ಥಿರ ತಂತ್ರಜ್ಞಾನಗಳ ಕೇಂದ್ರ'. ಅಲ್ಲಿಯ ಸಂಶೋಧನೆ ಮಣ್ಣನ್ನು ಅಚ್ಚಿನೊಳಗೆ ಪದರ ಪದರವಾಗಿ ಧಮ್ಮಸ್ಸು ಮಾಡಿ ಗೋಡೆ ಎಬ್ಬಿಸುವ ಕ್ರಮಕ್ಕೂ, ಕಬ್ಬಿಣದ ಅದಿರಿನ ಗಣಿ ತ್ಯಾಜ್ಯದಿಂದ ಇಟ್ಟಿಗೆ ಮಾಡುವುದಕ್ಕೂ ಚಾಚಿಕೊಂಡಿದೆ. ಗಣಿ ತ್ಯಾಜ್ಯದ ಗುಡ್ಡಗಳಿರುವ ನಾಡಿನಲ್ಲಿ ಈ ಎರಡನೆಯ ಪ್ರಯೋಗವನ್ನು ಊರವರೂ ಗಣಿ ಇಲಾಖೆಯೂ ಗಮನವಿಟ್ಟು ನೋಡಬೇಕಾಗಿದೆ.